ಹಟ್ಟಿಯ ನಾಯಿ ಕೆಮ್ಮಿದಾಗ

ತೊಗರಿ ರಾಶಿ ಮುಗಿಯುತ್ತ ಬಂದು ಮೈಲಾಪುರದ ಸಂಕ್ರಾಂತಿ ಜಾತ್ರೆ ಹತ್ತಿರವಾಗುವ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹಗಲಿನ ಬಿಸಿಲಿಗೂ ರಾತ್ರಿಯ ಥಂಡಿಗೂ ತಾಳಮೇಳವಿರುವುದಿಲ್ಲ. ಅಂಥ ದಿನಗಳಲ್ಲಿ ಮನೆಯ ನಾಯಿಯೋ ಕುರಿಹಟ್ಟಿಯ ನಾಯಿಯೋ ಕುತ್ತಿಗೆ ಮುಂದೆ ಚಾಚಿ, ಮುಂಗಾಲು ಅಗಲಿಸಿ ನಿಂತು, ಉಸಿರು ಕಟ್ಟುವ ಹಾಗೆ ಒಣಗೆಮ್ಮು ಕೆಮ್ಮಿ ಕೊನೆಗೆ ಒಂದಿಷ್ಟು ಬಿಳಿ ನೊರೆ ಕಕ್ಕಿದರೆ, ನೋಡಿದವರು ಮೊದಲು ಹೇಳುವುದು ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು. ನಿಜವಾಗಿ ಎಲುಬು ಸಿಕ್ಕಿರುವುದು ಕಡಿಮೆ. ಹೆಚ್ಚಿನ ಸಲ ಅದು ನಾಯಿಯಿಂದ ನಾಯಿಗೆ ಹರಡುವ ಶ್ವಾಸನಾಳದ ಸೋಂಕು. ಈ ಕಾಯಿಲೆಯ ಆರೈಕೆ ಎಂದರೆ ಔಷಧದ ಬಾಟಲಿ ಎಂದು ನಾವು ತಿಳಿದುಕೊಂಡಿದ್ದೇವೆ. ಆದರೆ ಕೆಮ್ಮುವ ನಾಯಿಗೆ ಬೇಕಾದದ್ದು ಮೊದಲು ಬೇರೆ ನಾಯಿಗಳಿಂದ ದೂರ, ಆಮೇಲೆ ವಿಶ್ರಾಂತಿ, ಜೊತೆಗೆ ಹತ್ತು ದಿನ ಎಚ್ಚರದ ಕಣ್ಣು. ಔಷಧ ಬರುವುದು ಇವುಗಳ ನಂತರ. ಇವುಗಳಲ್ಲಿ ಯಾವುದೂ ಒಬ್ಬ ಸಾಕಿದವನಿಂದ ಪೂರ್ತಿ ಆಗುವ ಕೆಲಸವಲ್ಲ ಎಂಬುದನ್ನೂ, ಇದರಲ್ಲಿ ಸರ್ಕಾರದ ಪಶು ಇಲಾಖೆ ಮತ್ತು ನಗರಸಭೆಗಳು ಬಿಟ್ಟಿರುವ ಒಂದು ತೆರವು ಇದೆ ಎಂಬುದನ್ನೂ ಇಲ್ಲಿ ವಿವರಿಸಬೇಕಿದೆ.

ಕೆಮ್ಮು ಒಂದೇ ರೀತಿ ಕೇಳಿಸಿದರೂ ಅದರ ಹಿಂದಿರುವ ರೋಗಾಣು ಒಂದಲ್ಲ. ಪಶುವೈದ್ಯರು ‘ಕೆನೆಲ್ ಕಾಫ್’ ಎನ್ನುವುದು ಒಂದು ಗುಂಪಿನ ಹೆಸರು. ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಎಂಬ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ ವೈರಸ್, ಎರಡನೆಯ ಬಗೆಯ ಅಡಿನೊವೈರಸ್, ಮೈಕೋಪ್ಲಾಸ್ಮಾ, 2003ರಲ್ಲಿ ಇಂಗ್ಲೆಂಡಿನಲ್ಲಿ ಗುರುತಿಸಲಾದ ನಾಯಿಯ ಕೊರೊನಾವೈರಸ್, 2004ರಲ್ಲಿ ಫ್ಲಾರಿಡಾದ ಓಟದ ನಾಯಿಗಳಲ್ಲಿ ಕಾಣಿಸಿದ ಇನ್‌ಫ್ಲುಯೆಂಜಾ, ಇವೆಲ್ಲ ಆ ಗುಂಪಿನವು. ಹೆಚ್ಚಿನ ನಾಯಿಗಳಲ್ಲಿ ಒಂದು ವೈರಸ್ ಮೊದಲು ಶ್ವಾಸನಾಳದ ಒಳಪದರವನ್ನು ಕೆಡಿಸುತ್ತದೆ, ಅದರ ಹಿಂದೆ ಬ್ಯಾಕ್ಟೀರಿಯಾ ನುಗ್ಗುತ್ತದೆ. ಬೋರ್ಡೆಟೆಲ್ಲಾ ಮಕ್ಕಳ ನಾಯಿಕೆಮ್ಮಿನ ರೋಗಾಣುವಿನ ಹತ್ತಿರದ ಬಳಗ. ಎರಡೂ ಶ್ವಾಸನಾಳದ ಸಣ್ಣ ರೋಮಗಳನ್ನು ಹಿಡಿದು ಕಫ ಮೇಲೆ ಬರದಂತೆ ಮಾಡುತ್ತವೆ. ಆದರೆ ಇದೇ ಗುಂಪಿನಲ್ಲಿ ಒಬ್ಬ ಕೊಲೆಗಡುಕನೂ ಇದ್ದಾನೆ, ಡಿಸ್ಟೆಂಪರ್ ವೈರಸ್. 1905ರಲ್ಲಿ ಫ್ರಾನ್ಸಿನ ಆಂರಿ ಕಾರೆ ಈ ರೋಗ ಸೋಸುಗದಿಂದಲೂ ಹಾದುಹೋಗುವ ಕಣದಿಂದ, ಎಂದರೆ ವೈರಸ್ಸಿನಿಂದ ಬರುತ್ತದೆ ಎಂದು ತೋರಿಸಿದರೂ ಬಹಳ ವರ್ಷ ಎಲ್ಲರೂ ಒಪ್ಪಲಿಲ್ಲ. ಸತ್ತ ನಾಯಿಗಳ ಶ್ವಾಸನಾಳದಲ್ಲಿ ಸಿಕ್ಕಿದ ಬೋರ್ಡೆಟೆಲ್ಲಾವೇ ಡಿಸ್ಟೆಂಪರಿಗೆ ಕಾರಣವೆಂದು 1910ರ ಸುಮಾರಿಗೆ ಅಮೆರಿಕದ ಫೆರ್ರಿ ಮುಂತಾದವರು ವಾದಿಸಿದರು. 1920ರ ದಶಕದಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಲೇಡ್ಲಾ ಮತ್ತು ಡಂಕಿನ್ ಮಾಡಿದ ಪ್ರಯೋಗಗಳಿಂದ ಗೊಂದಲ ತೀರಿತು. ಪ್ರಯೋಗಾಲಯದವರಿಗೇ ಅಷ್ಟು ವರ್ಷ ತಿಳಿಯದಿದ್ದ ವ್ಯತ್ಯಾಸ ಮೊದಲ ದಿನದ ಕೆಮ್ಮು ಕೇಳಿದವರಿಗೆ ತಿಳಿಯಬೇಕೆಂದು ಬಯಸುವುದು ನ್ಯಾಯವಲ್ಲ. ಎರಡೂ ಕೆಮ್ಮಿನಿಂದಲೇ ಶುರುವಾಗುತ್ತವೆ; ಒಂದು ಎರಡು ವಾರದಲ್ಲಿ ತಾನೇ ಇಳಿಯುತ್ತದೆ, ಇನ್ನೊಂದು ಅರ್ಧದಷ್ಟು ನಾಯಿಗಳನ್ನು ಕೊಲ್ಲುತ್ತದೆ. ಯಾವುದು ಎಂದು ಹೇಳುವುದು ಮುಂದಿನ ದಿನಗಳು. ಕಣ್ಣಿಡುವುದೂ ಆರೈಕೆಯ ಭಾಗವೇ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆ ಹತ್ತು ದಿನಗಳಲ್ಲಿ ಮಾಡಬೇಕಾದ ಕೆಲಸ ದುಬಾರಿಯದಲ್ಲ, ಆದರೆ ತಾಳ್ಮೆ ಕೇಳುತ್ತದೆ. ನಾಯಿಯನ್ನು ಗಾಳಿ ಆಡುವ, ಆದರೆ ರಾತ್ರಿಯ ಥಂಡಿಗಾಳಿ ನೇರ ಬಡಿಯದ ಒಂದು ಮೂಲೆಯಲ್ಲಿ ಇರಿಸಬೇಕು. ಹಳೆಯ ಗೋಣಿಚೀಲವನ್ನು ದಪ್ಪಗೆ ಹಾಸಿದರೆ ನೆಲದ ತಣುವು ಹತ್ತುವುದಿಲ್ಲ. ಕೊರಳಪಟ್ಟಿ ತೆಗೆದುಬಿಡಬೇಕು, ಏಕೆಂದರೆ ಉರಿಯುತ್ತಿರುವ ಶ್ವಾಸನಾಳದ ಮೇಲೆ ಪಟ್ಟಿ ಒತ್ತಿದೊಡನೆ ಕೆಮ್ಮು ಕೆರಳುತ್ತದೆ. ಕಟ್ಟಲೇಬೇಕಾದರೆ ಎದೆಗೆ ಸುತ್ತಿಬರುವ ಪಟ್ಟಿ ಒಳ್ಳೆಯದು. ಒಲೆಯ ಹೊಗೆ, ಹತ್ತಿಕಟ್ಟಿಗೆ ಸುಡುವ ಹೊಗೆ, ಕಣದಲ್ಲಿ ಒಣಹಾಕಿದ ಕೆಂಪು ಮೆಣಸಿನಕಾಯಿಯ ಘಾಟು, ರಾಶಿಯ ದೂಳು, ಇವು ನಮ್ಮ ಸೀಮೆಯಲ್ಲಿ ಚಳಿಗಾಲದ ಗಾಳಿಯಲ್ಲೇ ಬೆರೆತಿರುತ್ತವೆ. ಆರೋಗ್ಯವಂತ ನಾಯಿ ಅದನ್ನು ತಡೆದುಕೊಳ್ಳುತ್ತದೆ, ಕೆಮ್ಮುವ ನಾಯಿಗೆ ಅದು ವಿಷ. ಮೂಗು ಕಟ್ಟಿದ ನಾಯಿ ವಾಸನೆ ಹತ್ತದೆ ಊಟ ಬಿಡುತ್ತದೆ. ಒಣ ರೊಟ್ಟಿಯ ತುಣುಕು ಗಂಟಲು ಕೆರೆಯುತ್ತದೆ. ಮೆತ್ತಗೆ ಬೇಯಿಸಿದ ಅನ್ನ ಅಥವಾ ನುಚ್ಚಿಗೆ ಉಪ್ಪು, ಖಾರ, ಉಳ್ಳಾಗಡ್ಡಿ ಇಲ್ಲದ ಕೋಳಿಯ ಅಥವಾ ಮಟನ್ ಎಲುಬಿನ ಸಾರನ್ನು ಬೆಚ್ಚಗೆ ಕಲಸಿ, ಎಲುಬು ತೆಗೆದು, ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸಲ ಕೊಟ್ಟರೆ ತಿನ್ನುವ ಸಾಧ್ಯತೆ ಹೆಚ್ಚು. ಮೂಗಿನ ಸಿಂಬಳ, ಕಣ್ಣಿನ ಪಿಸಿರನ್ನು ಉಗುರುಬೆಚ್ಚನೆ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ದಿನಕ್ಕೆ ಎರಡು ಸಲ ಒರೆಸಬೇಕು. ನೀರು ಸದಾ ಮುಂದಿರಬೇಕು, ಆ ನೀರಿನ ಬೋಗುಣಿ ಮಾತ್ರ ಬೇರೆ ನಾಯಿಯ ಬಾಯಿಗೆ ಸಿಗಬಾರದು. ಓಡಿಸುವುದು, ಬೇಟೆಗೆ ಒಯ್ಯುವುದು, ಕುರಿಯ ಹಿಂದೆ ಹತ್ತಾರು ಕಿಲೋಮೀಟರ್ ನಡೆಸುವುದು ಪೂರ್ತಿ ನಿಲ್ಲಬೇಕು. ಮುಧೋಳದ ನಾಯಿಯಂಥ ಓಟದ ತಳಿಯನ್ನು ಸಾಕಿದವರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಮಾತು. ಅದು ತಾನಾಗಿ ಓಡಲು ಎದ್ದರೂ ಬಿಡಬಾರದು.

ಇಷ್ಟು ಹೇಳಿದೊಡನೆ ಬರುವ ಆಕ್ಷೇಪ: ಕಾಯುವುದೇಕೆ, ಮೊದಲ ದಿನವೇ ಒಂದು ಆಂಟಿಬಯಾಟಿಕ್ ಸೂಜಿ ಹಾಕಿಸಿದರೆ ಮುಗಿಯಿತಲ್ಲ? ಸೂಜಿ ಬಿದ್ದರೆ ಮಾತ್ರ ಚಿಕಿತ್ಸೆಯಾಯಿತು ಎಂಬ ನಂಬಿಕೆ ನಮ್ಮಲ್ಲಿ ಮನುಷ್ಯರ ವಿಷಯದಲ್ಲೂ ಇದೆ. ಆದರೆ ಕೆಮ್ಮಿನ ಆರಂಭಕ್ಕೆ ಬಹಳಷ್ಟು ಸಲ ವೈರಸ್ ಕಾರಣ, ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡದು. ಸಣ್ಣ ಪ್ರಾಣಿಗಳ ಸೋಂಕು ರೋಗಗಳ ತಜ್ಞರ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಜ್ವರವಿಲ್ಲದ, ಊಟ ಬಿಡದ, ಲವಲವಿಕೆಯ ನಾಯಿಗೆ ಹತ್ತು ದಿನದವರೆಗೆ ಆಂಟಿಬಯಾಟಿಕ್ ಬೇಡ; ಜ್ವರ, ಮಂಕು, ಊಟ ಬಿಡುವುದು ಇವುಗಳಲ್ಲಿ ಯಾವುದಾದರೂ ಒಂದರ ಜೊತೆಗೆ ಕೀವಿನಂಥ ಸಿಂಬಳವೂ ಕಂಡರೆ ಮೊದಲ ಆಯ್ಕೆ ಡಾಕ್ಸಿಸೈಕ್ಲಿನ್, ಏಳರಿಂದ ಹತ್ತು ದಿನ. ಅದನ್ನೂ ನಾಯಿಯ ತೂಕ ನೋಡಿ ಪಶುವೈದ್ಯರೇ ಬರೆಯಬೇಕು. ಇನ್ನೊಂದು ಅಪಾಯ ಮನೆಯ ಔಷಧದ ಡಬ್ಬಿಯಲ್ಲೇ ಇದೆ. ಜ್ವರಕ್ಕೆಂದು ಮನುಷ್ಯರು ನುಂಗುವ ಪ್ಯಾರಾಸಿಟಮಾಲ್ ನಾಯಿಯ ಯಕೃತ್ತನ್ನು ಕೆಡಿಸಬಲ್ಲದು, ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಬೆಳ್ಳುಳ್ಳಿ ಜಜ್ಜಿ ತಿನ್ನಿಸುವುದು, ಉಳ್ಳಾಗಡ್ಡಿ ರಸ ಕುಡಿಸುವುದು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಕಬ್ಬಿಣ ಕಾಯಿಸಿ ಬರೆ ಎಳೆಯುವುದನ್ನಂತೂ ಚಿಕಿತ್ಸೆ ಎನ್ನಲೇ ಆಗದು. ನೋವಿನ ಮೇಲೆ ಇನ್ನೊಂದು ನೋವು ಅಷ್ಟೆ. ಕೆಮ್ಮಿನ ಸಿರಪ್ಪನ್ನೂ ಕೇಳದೆ ಕುಡಿಸಬಾರದು, ಏಕೆಂದರೆ ಕಫವಿರುವ ಎದೆಯಲ್ಲಿ ಕೆಮ್ಮನ್ನು ತಡೆದರೆ ಕಫ ಒಳಗೇ ಉಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ.

ಹಾಗಾದರೆ ದವಾಖಾನೆಗೆ ಯಾವಾಗ ಓಡಬೇಕು? ನಾಯಿಯ ಮೈಶಾಖ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್; 103 ದಾಟಿದರೆ ಜ್ವರವೆಂದು ತಿಳಿಯಬೇಕು. ಮಲಗಿ ನಿದ್ದೆ ಮಾಡುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ ನೋಡಬಹುದು, 30 ಮೀರಿ ಏರುತ್ತಲೇ ಹೋದರೆ ಶ್ವಾಸಕೋಶಕ್ಕೆ ರೋಗ ಇಳಿದಿರಬಹುದು. ಹಳದಿ ಹಸಿರು ಸಿಂಬಳ, ಕಣ್ಣಲ್ಲಿ ದಪ್ಪ ಪಿಸಿರು, ಕೆಮ್ಮಿನ ಜೊತೆಗೇ ವಾಂತಿಭೇದಿ, ಅಂಗಾಲು ಮತ್ತು ಮೂಗಿನ ತೊಗಲು ಗಡುಸಾಗುವುದು, ಕೊನೆಗೆ ದವಡೆ ಅದುರುವುದು, ಕಾಲು ಎಳೆದು ಮೂರ್ಛೆ ಬರುವುದು, ಇವು ಡಿಸ್ಟೆಂಪರಿನ ಜಾಡು. ಕೆಮ್ಮು ಇಳಿದು ನಾಯಿ ಸುಧಾರಿಸಿತು ಎಂದುಕೊಂಡ ಎಷ್ಟೋ ವಾರಗಳ ಮೇಲೆ ಈ ನರದ ಲಕ್ಷಣಗಳು ತೋರುವುದುಂಟು. ಹಳ್ಳಿಯಲ್ಲಿ ಆಗ ಅದನ್ನು ಹುಚ್ಚುನಾಯಿ ಎಂದು ಬಡಿದು ಕೊಲ್ಲುವ ಸಂಭವವಿದೆ. ಇದಕ್ಕೆ ತಿರುಗುಮುರುಗಾದ ತಪ್ಪು ಇನ್ನೂ ಭೀಕರ. ರೇಬೀಸ್ ಹತ್ತಿದ ನಾಯಿಯಲ್ಲಿ ಗಂಟಲಿನ ಸ್ನಾಯು ಸೋತು, ದವಡೆ ಜೋತು, ಜೊಲ್ಲು ಸುರಿದು, ಧ್ವನಿ ಒಡೆಯುತ್ತದೆ. ನೋಡುವವರಿಗೆ ಅದೂ ಎಲುಬು ಸಿಕ್ಕಂತೆಯೇ ಕಾಣುತ್ತದೆ. ಎಲುಬು ತೆಗೆಯಲೆಂದು ಬಾಯೊಳಗೆ ಕೈ ಹಾಕಿದವರು ರೇಬೀಸನ್ನು ಕೈಯಾರೆ ತಂದುಕೊಂಡಂತೆ. ಆದ್ದರಿಂದ ಲಸಿಕೆ ಹಾಕಿಸಿದ ದಾಖಲೆಯಿಲ್ಲದ ನಾಯಿ ಗಂಟಲು ಕಟ್ಟಿದಂತೆ ಮಾಡಿದರೆ ಬಾಯೊಳಗೆ ಕೈ ಹಾಕಲೇಬಾರದು. ಜೊಲ್ಲು ಗಾಯಕ್ಕೆ ತಾಗಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈ ಲೇಖನದಿಂದ ಒಂದೇ ವಿಷಯ ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ ಎಂದು ನನ್ನ ಆಸೆ.

ನಾಯಿಯನ್ನು ಬೇರೆ ಇಡುವುದು ಪೇಟೆಯ ಬಂಗಲೆಯವರಿಗೆ ಸರಿ, ನಮ್ಮಲ್ಲಿ ನಾಯಿ ಕಟ್ಟಿಹಾಕುವ ಪದ್ಧತಿಯೇ ಇಲ್ಲ ಎಂಬುದು ಎರಡನೆಯ ಆಕ್ಷೇಪ. ಅದರಲ್ಲಿ ಹುರುಳಿದೆ. ಕುರಿಗಾಹಿಗಳ ಹಿಂಡು ಕೃಷ್ಣೆ, ಭೀಮೆಯ ದಂಡೆಯ ಹೊಲಗಳಲ್ಲಿ ಇಂದೊಂದು ಕಡೆ ನಾಳೆಯೊಂದು ಕಡೆ ಹಟ್ಟಿ ಹಾಕುತ್ತದೆ. ಜೊತೆಗೆ ಹೋಗುವ ನಾಯಿಗಳು ಇನ್ನೊಂದು ಹಿಂಡಿನ ನಾಯಿಗಳನ್ನೂ ಹಾದಿಯ ಊರ ನಾಯಿಗಳನ್ನೂ ಮೂಸಿಯೇ ಮುಂದೆ ಸಾಗುತ್ತವೆ. ಊರಲ್ಲಿ ಯಜಮಾನರು ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋದ ಮೇಲೆ ಅವರ ನಾಯಿ ಓಣಿಯ ನಾಯಿಯಾಗುತ್ತದೆ, ಅರೆಹೊಟ್ಟೆಯಲ್ಲಿ ಅದರ ರೋಗನಿರೋಧಕ ಬಲವೂ ಕುಗ್ಗುತ್ತದೆ. ಆದರೂ ಪೂರ್ತಿ ದೂರ ಸಾಧ್ಯವಿಲ್ಲವೆಂದು ಏನನ್ನೂ ಮಾಡದಿರುವುದು ತರ್ಕವಲ್ಲ. ಈ ಸೋಂಕು ಹರಡುವುದು ಕೆಮ್ಮಿನ ಹನಿಯಿಂದ, ಮೂಗಿಗೆ ಮೂಗು ತಾಗುವುದರಿಂದ, ಒಂದೇ ಬೋಗುಣಿಯಿಂದ. ಕುರಿಹಟ್ಟಿಯಲ್ಲಿ ಕೆಮ್ಮುವ ನಾಯಿಯನ್ನು ಬಲೆಯ ಇನ್ನೊಂದು ಮಗ್ಗುಲಿಗೆ ಕಟ್ಟಿ, ಊಟವನ್ನು ಕೊನೆಗೆ ಕೊಟ್ಟು, ಕೈ ತೊಳೆದುಕೊಂಡರೆ ಹರಡುವ ದಾರಿಗಳಲ್ಲಿ ಬಹಳಷ್ಟು ಮುಚ್ಚುತ್ತವೆ. ಡಿಸ್ಟೆಂಪರ್ ವೈರಸ್ ಹೊರಗೆ ಗಟ್ಟಿಯಾಗಿ ಉಳಿಯುವುದಲ್ಲ. ಬಿಸಿಲು, ಸಾಬೂನು ನೀರು, ಒಣಗುವಿಕೆ ಅದನ್ನು ಬೇಗ ಕೊಲ್ಲುತ್ತವೆ. ನಮ್ಮ ಬಿಸಿಲು ಎಲ್ಲ ವಿಷಯದಲ್ಲೂ ಶತ್ರುವಲ್ಲ: ಗೋಣಿಚೀಲವನ್ನು ತೊಳೆದು ಮಧ್ಯಾಹ್ನದ ಬಿಸಿಲಿಗೆ ಹರವಿದರೆ ಅದೇ ಒಳ್ಳೆಯ ಶುದ್ಧೀಕರಣ. ಎಷ್ಟು ದಿನ ದೂರ ಇಡಬೇಕು ಎಂಬುದು ಮಾತ್ರ ತೊಡಕಿನ ಪ್ರಶ್ನೆ. ಸಾಮಾನ್ಯ ವೈರಸ್‌ಗಳು ಹೊರಬರುವುದು ಒಂದೆರಡು ವಾರದಲ್ಲಿ ನಿಲ್ಲುತ್ತದೆ, ಬೋರ್ಡೆಟೆಲ್ಲಾ ಮತ್ತು ಡಿಸ್ಟೆಂಪರ್ ತಿಂಗಳುಗಟ್ಟಲೆ ಹೊರಬೀಳಬಹುದು. ಕೆಮ್ಮು ನಿಂತ ಮೇಲೂ ಕನಿಷ್ಠ ಎರಡು ವಾರ, ಮರಿಗಳಿರುವ ಕಡೆಗೆ ಇನ್ನೂ ಹೆಚ್ಚು ದಿನ ಬಿಡದಿರುವುದು ವಿವೇಕ.

ನಾಡನಾಯಿ ಗಟ್ಟಿ, ಅದಕ್ಕೆ ಈ ಲಸಿಕೆ ಗಿಸಿಕೆ ಏನೂ ಬೇಡ ಎಂಬ ಮಾತನ್ನು ಓದಿದವರೂ ಆಡುತ್ತಾರೆ. ನಮ್ಮ ಕಣ್ಣಿಗೆ ಬೀಳುವ ನಾಡನಾಯಿಗಳೆಲ್ಲ ಬದುಕಿ ಉಳಿದವು. ಆರು ತಿಂಗಳು ತುಂಬುವ ಮೊದಲೇ ಸತ್ತ ಮರಿಗಳ ಲೆಕ್ಕ ಯಾರ ಬಳಿಯೂ ಇಲ್ಲ. ಇಲ್ಲಿಂದ ಬಹಳ ದೂರವಲ್ಲದ ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಹುಲ್ಲುಗಾವಲಿನ ಸುತ್ತಲಿನ ಹಳ್ಳಿಗಳಲ್ಲಿ ಬೇಲ್ಸರೆ, ವನಕ್ ಮತ್ತು ಗೊಂಪರ್ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ಬಿಡಾಡಿ ನಾಯಿಗಳ ಬಹುಪಾಲಿನ ರಕ್ತದಲ್ಲಿ ಡಿಸ್ಟೆಂಪರ್, ಪಾರ್ವೊ, ಅಡಿನೊವೈರಸ್‌ಗಳ ಸೋಂಕು ತಾಗಿದ ಗುರುತು ಸಿಕ್ಕಿತು. ಅಲ್ಲಿನ ಕುರುಚಲಿನ ನರಿಗಳಲ್ಲೂ ಆ ಗುರುತಿತ್ತು. ಬಹುಪಾಲು ನಾಯಿಗಳಿಗೆ ರೋಗ ಬಂದುಹೋಗಿದೆ ಎಂದರೆ ಅವು ಗಟ್ಟಿ ಎಂದಲ್ಲ. ವೈರಸ್ ಆ ಹಳ್ಳಿಗಳಲ್ಲಿ ಸದಾ ಓಡಾಡುತ್ತಿದೆ, ಪ್ರತಿ ವರ್ಷ ಹುಟ್ಟುವ ಮರಿಗಳು ಅದಕ್ಕೆ ಹೊಸ ಮೇವಾಗುತ್ತಿವೆ ಎಂದರ್ಥ. ಅದೇ ಒಣಬಯಲು, ಅದೇ ಕುರಿಸಾಕಣೆಯ ನಮ್ಮ ಸೀಮೆಯಲ್ಲಿ ಬೇರೆ ಕಥೆ ಇರಲು ಕಾರಣವೇ ಕಾಣದು. ಕಾಡಿನ ಪ್ರಾಣಿಗಳಿಗೆ ಇದರಿಂದ ಬರುವ ಕುತ್ತಿಗೂ ಸಾಕ್ಷಿಗಳಿವೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸಿಂಹಗಳ ಮೂರನೇ ಒಂದು ಭಾಗ ಡಿಸ್ಟೆಂಪರಿಗೆ ಬಲಿಯಾಯಿತು. 2018ರಲ್ಲಿ ನಮ್ಮದೇ ಗಿರ್ ಕಾಡಿನ ಒಂದು ವಲಯದಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ ಹಲವುಗಳಲ್ಲಿ ಇದೇ ವೈರಸ್ ಪತ್ತೆಯಾಯಿತು. ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಸೆರೆಂಗೆಟಿಯ ಸುತ್ತಲ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕಿದ ಮೇಲೆ ನಾಯಿಗಳಲ್ಲಿ ರೋಗ ಇಳಿಯಿತು, ಆದರೆ ಸಿಂಹಗಳಲ್ಲಿ ಸೋಂಕು ಪೂರ್ತಿ ನಿಲ್ಲಲಿಲ್ಲ ಎಂದು 2015ರ ಅಧ್ಯಯನ ಹೇಳಿತು. ಹಾಗಾಗಿ ನಾಯಿಗೆ ಲಸಿಕೆ ಹಾಕಿದರೆ ದಖ್ಖನ್ನಿನ ತೋಳಗಳೆಲ್ಲ ಉಳಿದವು ಎಂದು ನಾನು ಹೇಳಲಾರೆ. ನಾಯಿಗಳು ಉಳಿಯುತ್ತವೆ ಎಂದು ಹೇಳಬಲ್ಲೆ, ನನ್ನ ವಾದಕ್ಕೆ ಅಷ್ಟು ಸಾಕು.

ಡಿಸ್ಟೆಂಪರಿನ ವೈರಸ್ಸಿನ ದಾಯಾದಿಗಳಲ್ಲಿ ಮೂವರು ಈ ಜಿಲ್ಲೆಗೆ ಗೊತ್ತು. ಮಕ್ಕಳ ದಡಾರ ಒಂದು. ಅದಕ್ಕೆ ಅಂಗನವಾಡಿಯ ಲಸಿಕೆಯಿದೆ. ಎತ್ತು ಆಕಳುಗಳನ್ನು ಊರುಗಟ್ಟಲೆ ಕೊಂದ ದೊಡ್ಡರೋಗ ಇನ್ನೊಂದು. ಅದರಿಂದ ಭಾರತ 2006ರಲ್ಲಿ ಮುಕ್ತವಾಯಿತು, 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು, ಮನುಷ್ಯ ಪೂರ್ತಿ ಅಳಿಸಿಹಾಕಿದ ಪ್ರಾಣಿರೋಗ ಅದೊಂದೇ. ಕುರಿ ಮೇಕೆಗಳ ಪಿಪಿಆರ್ ಮೂರನೆಯದು. ಭಾರತದಲ್ಲಿ ಅದು ಮೊದಲು 1987ರಲ್ಲಿ ತಮಿಳುನಾಡಿನಲ್ಲಿ ವರದಿಯಾಯಿತು, 2030ರೊಳಗೆ ಅದನ್ನು ಜಗತ್ತಿನಿಂದಲೇ ತೊಲಗಿಸುವ ಗುರಿಯಿದೆ, ಅದಕ್ಕೆ ಸರ್ಕಾರದ ಲಸಿಕೆಯೂ ಇದೆ. ಒಂದೇ ಕುಟುಂಬದ ನಾಲ್ಕು ರೋಗಗಳಲ್ಲಿ ಮೂರಕ್ಕೆ ಸರ್ಕಾರ ದುಡ್ಡು ಕೊಟ್ಟಿದೆ, ನಾಲ್ಕನೆಯದನ್ನು ಕೇಳುವವರಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ನಾಯಿ ಹಾಲು ಕೊಡುವುದಿಲ್ಲ, ಅದರ ಮಾಂಸ ಮಾರುವುದಿಲ್ಲ, ಡಿಸ್ಟೆಂಪರ್ ಮನುಷ್ಯರಿಗೆ ಹರಡುವುದಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ರೋಗ ನಿಯಂತ್ರಣ ಕಾರ್ಯಕ್ರಮ ಕಾಲುಬಾಯಿ ರೋಗ ಮತ್ತು ಬ್ರೂಸೆಲ್ಲಾಕ್ಕೆ ಮೀಸಲಾಯಿತು. ನಾಯಿಗೆ ಸರ್ಕಾರದ ಕಡೆಯಿಂದ ಸಿಗುವ ಲಸಿಕೆ ರೇಬೀಸಿನದು, ಅದೂ ನಮ್ಮ ಪ್ರಾಣದ ಸಲುವಾಗಿ. ಆದರೆ ಕುರಿಗಾಹಿಯ ಲೆಕ್ಕದಲ್ಲಿ ನಾಯಿ ದುಡಿಯುವ ಜೀವ. ರಾತ್ರಿ ಹಟ್ಟಿ ಕಾಯುವ ನಾಯಿ ಸತ್ತರೆ ತೋಳಕ್ಕೋ ಕಳ್ಳನಿಗೋ ಹೋಗುವ ಕುರಿಗಳ ಬೆಲೆ ಒಂದು ಲಸಿಕೆಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಪಿಪಿಆರ್ ಲಸಿಕೆ ಹಾಕಲು ಪಶು ಇಲಾಖೆಯ ಸಿಬ್ಬಂದಿ ಹಟ್ಟಿಗೆ ಹೇಗೂ ಬರುತ್ತಾರೆ, ತಣ್ಣನೆಯ ಪೆಟ್ಟಿಗೆ ಹೇಗೂ ಜೊತೆಗಿರುತ್ತದೆ. ಅದೇ ಪೆಟ್ಟಿಗೆಯಲ್ಲಿ ನಾಯಿಗೆ ರೇಬೀಸ್ ಲಸಿಕೆಯನ್ನೂ, ಡಿಸ್ಟೆಂಪರ್, ಪಾರ್ವೊ, ಅಡಿನೊ, ಪ್ಯಾರಾಇನ್‌ಫ್ಲುಯೆಂಜಾ ಒಳಗೊಂಡ ಸಂಯುಕ್ತ ಲಸಿಕೆಯನ್ನೂ ತರುವುದಕ್ಕೆ ಹೊಸ ಇಲಾಖೆ ಬೇಕಿಲ್ಲ. ಪಶುಗಳಿಗಾಗಿ 1962 ಸಂಖ್ಯೆಗೆ ಕರೆದರೆ ಬರುವ ಸಂಚಾರಿ ವಾಹನಗಳನ್ನು ಲಕ್ಷ ಜಾನುವಾರಿಗೆ ಒಂದರ ಲೆಕ್ಕದಲ್ಲಿ ಯೋಜಿಸಲಾಗಿದೆ. ಅವುಗಳಲ್ಲೂ ಈ ಲಸಿಕೆ ಇರಲಿ. ಸಾಕಿದವರೇ ಮೆಡಿಕಲ್ ಅಂಗಡಿಯಲ್ಲಿ ಕೊಂಡು ಬಿಸಿಲಲ್ಲಿ ಕೈಚೀಲದಲ್ಲಿ ತಂದು ಚುಚ್ಚುವ ಲಸಿಕೆ, ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದ ಜೀವಂತ ವೈರಸ್ಸಿನ ಲಸಿಕೆ, ಏಪ್ರಿಲ್ ಬಿಸಿಲಿಗೆ ನಿಷ್ಫಲವಾಗಿರುತ್ತದೆ.

ಲಸಿಕೆ ಹಾಕಿಸಿದರೂ ಕೆಮ್ಮು ಬಂತಲ್ಲ ಎಂದು ದೂರುವವರೂ ಇದ್ದಾರೆ, ಅವರ ದೂರು ಸುಳ್ಳಲ್ಲ. ಸಂಯುಕ್ತ ಲಸಿಕೆ ಡಿಸ್ಟೆಂಪರನ್ನು ಚೆನ್ನಾಗಿ ತಡೆಯುತ್ತದೆ, ಸಾಮಾನ್ಯ ಕೆಮ್ಮನ್ನು ಪೂರ್ತಿ ತಡೆಯದೆ ಅದರ ತೀವ್ರತೆ ಇಳಿಸುತ್ತದೆ. ಮರಿಗೆ ಒಂದೇ ಸೂಜಿ ಹಾಕಿಸಿ ಬಿಡುವುದೂ ಇದಕ್ಕೆ ಒಂದು ಕಾರಣ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೆಯ ವಾರದವರೆಗೂ ಹಾಕಿಸಬೇಕು.

ನಗರಸಭೆಗಳ ಪಾತ್ರ ಈಗ ಇದ್ದಕ್ಕಿದ್ದಂತೆ ದೊಡ್ಡದಾಗಿದೆ. 2023ರ ಸಂತಾನ ನಿಯಂತ್ರಣ ನಿಯಮಗಳಂತೆ ಬೀದಿನಾಯಿಗಳನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕಿತ್ತು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿರುವ ನಾಯಿಗಳನ್ನು ಆಶ್ರಯತಾಣಕ್ಕೆ ಸಾಗಿಸಬೇಕು, ಮತ್ತೆ ಅಲ್ಲೇ ಬಿಡಬಾರದು ಎಂದು ಆದೇಶಿಸಿತು. ನಾಯಿ ಕಚ್ಚಿಸಿಕೊಂಡ ಮಕ್ಕಳ ಸಂಕಟದಿಂದ ಬಂದ ಆದೇಶವದು, ಅದರ ಕಾಳಜಿಯನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಬೇರೆ ಬೇರೆ ಓಣಿಗಳ, ಲಸಿಕೆಯಿಲ್ಲದ, ಹೆದರಿದ ನಾಯಿಗಳನ್ನು ಒಂದೇ ಸೂರಿನಡಿ ಒತ್ತೊತ್ತಾಗಿ ಇರಿಸಿದರೆ ಈ ಕೆಮ್ಮು ಹಬ್ಬಲು ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಆಶ್ರಯತಾಣದಲ್ಲಿ ಕಳೆಯುವ ಪ್ರತಿ ದಿನವೂ ಅಪಾಯ ಏರುತ್ತದೆ. ಅಲ್ಲಿ ನಿಜಕ್ಕೂ ಕೆಲಸ ಮಾಡುವುದು ಮೂರು ಸಂಗತಿ: ಒಳಗೆ ಬಂದ ದಿನವೇ ಸಂಯುಕ್ತ ಲಸಿಕೆ, ಹೊಸದಾಗಿ ಬಂದವುಗಳಿಗೆ ಬೇರೆ ಕೋಣೆ, ಕೆಮ್ಮುವವುಗಳಿಗೆ ಬೇರೆ ಗಾಳಿಯ ಇನ್ನೊಂದು ಕೋಣೆ. ಹಿಡಿಯುವುದು, ಸಾಗಿಸುವುದು, ಶಸ್ತ್ರಚಿಕಿತ್ಸೆ ಮಾಡುವುದು, ಊಟ ಹಾಕುವುದು, ಇವೇ ಖರ್ಚಿನ ದೊಡ್ಡ ಪಾಲು. ಅಷ್ಟೆಲ್ಲ ಮಾಡಿ ಒಂದು ಸೂಜಿಯನ್ನು ಉಳಿಸುವುದು ಉಳಿತಾಯವಲ್ಲ. ಯಾದಗಿರಿ, ಶಹಾಪುರ, ಸುರಪುರ ನಗರಸಭೆಗಳು ಈ ಕೆಲಸಕ್ಕೆ ಟೆಂಡರ್ ಕರೆಯುವಾಗ ರೇಬೀಸ್ ಲಸಿಕೆಯ ಸಾಲಿನ ಕೆಳಗೆ ಸಂಯುಕ್ತ ಲಸಿಕೆ ಎಂಬ ಇನ್ನೊಂದು ಸಾಲನ್ನೂ, ಪ್ರತ್ಯೇಕ ಕೋಣೆಯ ಷರತ್ತನ್ನೂ ಸೇರಿಸಬೇಕು.

ಉಳಿದಿರುವುದು ಎಲ್ಲಕ್ಕಿಂತ ಭಾರವಾದ ಆಕ್ಷೇಪ. ಮನುಷ್ಯರಿಗೇ ಸರಿಯಾದ ದವಾಖಾನೆಯಿಲ್ಲದ, 2009ರ ಕೊನೆಯಲ್ಲಷ್ಟೇ ಕಲಬುರಗಿಯಿಂದ ಬೇರೆಯಾದ, ದುಡಿಮೆ ಅರಸಿ ಗುಳೆ ಹೋಗುವ ಜಿಲ್ಲೆಯಲ್ಲಿ ನಾಯಿಯ ಕೆಮ್ಮಿಗೆ ದುಡ್ಡು ಕೇಳುವುದು ತಪ್ಪಲ್ಲವೇ? ಈ ಪ್ರಶ್ನೆಯ ಹಿಂದಿನ ನೋವು ನಿಜ, ಅದನ್ನು ತಳ್ಳಿಹಾಕಲು ಆಗದು. ಆದರೆ ಇಲ್ಲಿ ಕೇಳುತ್ತಿರುವುದು ಮನುಷ್ಯರ ಆಸ್ಪತ್ರೆಯ ಹಣವನ್ನಲ್ಲ. ಆರೈಕೆಯ ಬಹುಪಾಲು ಕಾಸಿಲ್ಲದ ಕೆಲಸ: ಬೇರೆ ಮೂಲೆ, ಬೇರೆ ಬೋಗುಣಿ, ಬಿಸಿಲಿಗೆ ಹಾಕಿದ ಗೋಣಿ, ಬಾಯೊಳಗೆ ಹಾಕದ ಕೈ. ಲಸಿಕೆಗೆ ಬೇಕಾದ ಹಣ ಈಗಾಗಲೇ ನಡೆಯುತ್ತಿರುವ ಎರಡು ಕೆಲಸಗಳ, ಕುರಿಗಳ ಲಸಿಕೆ ಮತ್ತು ಬೀದಿನಾಯಿಗಳ ಶಸ್ತ್ರಚಿಕಿತ್ಸೆಯ, ಅಂಚಿಗೆ ಸೇರುವಂಥದು. ಜೊತೆಗೆ ನಾಯಿಗೆ ಸಂಯುಕ್ತ ಲಸಿಕೆ ಹಾಕಿಸಲು ಬರುವವರು ರೇಬೀಸ್ ಲಸಿಕೆಗೂ ಬರುತ್ತಾರೆ, ತನ್ನ ನಾಯಿಯೇ ಬದುಕುತ್ತದೆ ಎಂದಾಗ ಬರುವ ಉತ್ಸಾಹ ಬೇರೆ; ಅದರಿಂದ ಉಳಿಯುವ ಪ್ರಾಣಗಳಲ್ಲಿ ಮಕ್ಕಳ ಪ್ರಾಣವೂ ಇದೆ. ಮೈಲಾರಲಿಂಗನ ಭಕ್ತರ ಈ ಸೀಮೆಯಲ್ಲಿ ಗೊರವರು ದೇವರ ನಾಯಿಗಳೆಂದು ಬೊಗಳಿ ಸೇವೆ ಮಾಡುತ್ತಾರೆ, ಹಾಗಾಗಿ ನಾಯಿಯ ಬಗ್ಗೆ ಜನರಿಗೆ ಹೊಸದಾಗಿ ಪ್ರೀತಿ ಕಲಿಸುವ ಅಗತ್ಯವೇನಿಲ್ಲ. ಸಂಕ್ರಾಂತಿಗೆ ಮೊದಲು, ಜಾತ್ರೆಗೆ ಜನರೂ ಹಿಂಡುಗಳೂ ಕೂಡುವ ಮುನ್ನ, ನವೆಂಬರಿನಲ್ಲೇ ಹಟ್ಟಿ ಹಟ್ಟಿಗೆ ಈ ಲಸಿಕೆ ತಲುಪಬೇಕು. ಪೂರ್ತಿ ರಕ್ಷಣೆ ಕೂಡಲು ಎರಡನೆಯ ಸೂಜಿಯೂ ಬೇಕಾಗುವುದರಿಂದ ಡಿಸೆಂಬರಿನಲ್ಲಿ ಇನ್ನೊಂದು ಸುತ್ತನ್ನು ಈಗಲೇ ಲೆಕ್ಕಕ್ಕೆ ಹಿಡಿದಿಡಬೇಕು.